ಮುಖ ಹೊರಗೆ ಮಾಡಿ ನಿಂತ ಮೋಟರ್‌ಸೈಕಲ್ಲು

ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸು ಈಗ ಸುರಂಗ ಹೊಗುತ್ತದೆ. ಈ ಕಡೆ ಹೊಕ್ಕರೆ ಆ ಕಡೆ ಬಿಣಗಾ. ಕಂಡಕ್ಟರು ಚಿಲ್ಲರೆ ಹುಡುಕುವುದರೊಳಗೆ ಗುಡ್ಡ ಮುಗಿದಿರುತ್ತದೆ. ಎಲ್ಲರಿಗೂ ಅನುಕೂಲವೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ಕತ್ತಲೆಯಲ್ಲಿ ಕಿಟಕಿಯ ಗಾಜಿನಲ್ಲಿ ನನ್ನದೇ ಮುಖ ಕಾಣುವಾಗ, ಗುಡ್ಡದ ಆಚೆ ಬದಿಗೆ ಸಮುದ್ರದ ಅಂಚಿನಲ್ಲಿ ಹಾದು ಹೋಗುವ ಹಳೆಯ ರಸ್ತೆ ನೆನಪಾಗುತ್ತದೆ. ಅದರ ಇಳಿಜಾರು ನೆನಪಾಗುತ್ತದೆ. ನನ್ನ ಸಂಸಾರದ ಮುಖ್ಯ ಮಾತುಗಳೆಲ್ಲ ನಡೆದದ್ದು ಆ ಇಳಿಜಾರಿನಲ್ಲಿ.

ನಾನು ಅಂಕೋಲೆಯವಳು. ಓದಿದ್ದು ಕಾರವಾರದ ಕಾನ್ವೆಂಟಿನಲ್ಲಿ, ಸೊಸೆಯಾಗಿ ಬಂದದ್ದೂ ಕಾರವಾರಕ್ಕೆ, ಆಮೇಲೆ ಮೂವತ್ತು ವರ್ಷ ಹುಡುಗಿಯರಿಗೆ ಮ್ಯಾಥ್ಸ್ ಕಲಿಸಿದ್ದೂ ಇಲ್ಲಿಯೇ. ನಮ್ಮವರು ಕಾಳಿ ನದಿಯ ಅಣೆಕಟ್ಟುಗಳ ಕೆಲಸದಲ್ಲಿದ್ದರು, ಕೊನೆಗೆ ಕದ್ರಾದಲ್ಲಿ ರಿಟೈರ್ ಆದರು. ಯಂತ್ರಗಳ ಮನುಷ್ಯ. ದಿನವಿಡೀ ಟರ್ಬೈನಿನ ಸದ್ದಿನಲ್ಲಿ ಇರುವವರಿಗೆ ಮಾತು ಕಡಿಮೆ ಎಂದು ಮೊದಲು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರು ಹುಟ್ಟಿದ್ದೇ ಹಾಗೆ. ಊಟಕ್ಕೆ ಕೂತರೆ "ಹೂಂ", ಎದ್ದರೆ "ಆಯ್ತು". ನನ್ನಂಥ ಬಾಯಿಬಡಕಿಗೆ ಇದೊಂದು ಪನಿಶ್‌ಮೆಂಟು.

ಮದುವೆಯಾದ ವರ್ಷ ಮೋಟರ್‌ಸೈಕಲ್ಲು ತಂದರು. ಸೋಮವಾರದಿಂದ ಶನಿವಾರದವರೆಗೆ ಅದು ಅವರ ಡ್ಯೂಟಿಗೆ, ರವಿವಾರ ನನಗೆ, ಅಂಕೋಲೆಯ ತವರಿಗೆ ಹೋಗಲು. ಬೆಳಿಗ್ಗೆ ಬೇಕರಿಯಿಂದ ಬಿಸಿ ಪಾವ್ ತಂದು ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ತೊಡೆಯ ಮೇಲೆ ಹ್ಯಾಂಡ್‌ಬ್ಯಾಗಿನ ಜೊತೆ ಹಿಡಿದುಕೊಂಡು ನಾನು ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂರುತ್ತಿದ್ದೆ. ಕಾರವಾರದ ಪಾವ್ ಅಂದರೆ ನನ್ನ ಆಯಿಗೆ, ಎಂದರೆ ಅಮ್ಮನಿಗೆ, ಜೀವ. ಸೀರೆಯುಟ್ಟು ಕೂರುವವರ ಕಾಲು ಎಡಕ್ಕೆ ತಾನೆ? ಅಂಕೋಲೆಗೆ ಹೋಗುವಾಗ ಸಮುದ್ರ ಬಲಕ್ಕೆ. ಹಾಗಾಗಿ ಹೋಗುವಾಗ ನನ್ನ ಪಾಲಿಗೆ ಗುಡ್ಡ, ಬರುವಾಗ ಸಮುದ್ರ. ನಡುವೆ ಯಾವಾಗಲೂ ಇದ್ದದ್ದು ಅವರ ಎಡಗಿವಿ. ಆ ಕಿವಿಯ ಹಿಂದೆ ಒಂದು ಮಚ್ಚೆ ಇದೆ. ಅದು ಇರುವುದು ಅವರಿಗೇ ಗೊತ್ತಿರಲಿಲ್ಲ, ನಾನು ಹೇಳಿದ ಮೇಲೆ ಗೊತ್ತಾದದ್ದು.

ಗುಡ್ಡ ಹತ್ತಿ ನೆತ್ತಿ ಮುಟ್ಟಿದ ಕೂಡಲೇ ಅವರು ಎಂಜಿನ್ ಬಂದ್ ಮಾಡುತ್ತಿದ್ದರು. "ಪೆಟ್ರೋಲ್ ಉಳೀತದೆ" ಎಂದು ಒಂದೇ ಸಲ ಕಾರಣ ಹೇಳಿದ್ದರು. ಗಾಡಿ ತನ್ನಷ್ಟಕ್ಕೆ ಬಿಣಗಾದ ಕಡೆಗೆ ಇಳಿಯುತ್ತಿತ್ತು. ಎಲ್ಲಾ ಸದ್ದು ಒಮ್ಮೆಲೇ ನಿಂತು, ಟಯರಿನ ಸುಯ್ ಮತ್ತು ಕೆಳಗಿನ ತೆರೆ ಮಾತ್ರ ಕೇಳುತ್ತಿತ್ತು. ಆಗ ಅವರು ಮಾತಾಡುತ್ತಿದ್ದರು! ಮೊದಲ ಮಾತು ಯಾವಾಗಲೂ ಒಂದೇ:

"ಇವತ್ತು ನಿನ್ನ ಆಯಿ ಏನ್ ಮಾಡಿರ್ತಾರೆ?"

ನಾನು ಊಹಿಸಬೇಕು. ಬಂಗಡೆ ಹುಳಿ, ಇಲ್ಲಾ ಏಡಿ, ಮಳೆಗಾಲವಾದರೆ ಒಣಸಿಗಡಿ ಚಟ್ನಿ. ಆಮೇಲೆ ಬೇರೆ ಮಾತು. ಟ್ರಾನ್ಸ್‌ಫರ್ ಆರ್ಡರ್ ಬಂದದ್ದು ಅಲ್ಲಿ ಹೇಳಿದರು. ತಮ್ಮ ಅಪ್ಪನಿಗೆ ಇನ್ನು ಹೆಚ್ಚು ದಿನ ಇಲ್ಲ ಎಂದು ಹೇಳಿದ್ದು ಅಲ್ಲಿ. ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವರು ಬಾಯಿ ಬಿಟ್ಟದ್ದು ಇಡೀ ಜೀವಮಾನದಲ್ಲಿ ಒಂದು ಸಲ, ಅದೂ ಆ ಇಳಿಜಾರಿನಲ್ಲಿ, ಬೆನ್ನು ತೋರಿಸಿಕೊಂಡೇ: "ಡಾಕ್ಟರ್ ಹತ್ರ ಇನ್ನು ಹೋಗೂದು ಬೇಡ. ನಿಂಗೆ ಸೂಜಿ ಚುಚ್ಚೂದು ನಂಗೆ ನೋಡೂಕಾಗುದಿಲ್ಲ." ಬುಡ ಮುಟ್ಟುವಾಗ ಗೇರ್ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಮತ್ತೆ ಗುಡುಗುತ್ತಿತ್ತು, ಮಾತು ಮುಗಿಯುತ್ತಿತ್ತು. ವಾರಕ್ಕೆ ಎರಡು ನಿಮಿಷ ಇದ್ದೀತು. ನಾನು ಶನಿವಾರ ಸಂಜೆಯಿಂದಲೇ ಅದಕ್ಕೆ ಕಾಯುತ್ತಿದ್ದೆ. ನಗಬೇಡಿ.

ಆಯಿ ಹೋದ ಮೇಲೂ ನಾವು ರವಿವಾರ ಹೋಗುವುದನ್ನು ಬಿಡಲಿಲ್ಲ. ಮನೆ ಹೋಯಿತು, ಜಾಗ ದೊಡ್ಡ ರಸ್ತೆಗೆ ಸೇರಿತು, ಆಗಲೂ ಹೋದೆವು. ಅಂಕೋಲೆಯ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿದು ಬರುವುದು, ಅಷ್ಟೇ. ನಿಂತದ್ದು ಅವರ ಮಂಡಿಗಳಿಂದ.

ಎರಡೂ ಮಂಡಿ ಆಪರೇಶನ್ ಆಯಿತು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಗಾಡಿಯನ್ನೂ ಜೋಪಾನವಾಗಿ ಓಡಿಸಬಹುದು ಎಂದರು ಡಾಕ್ಟರು. ಆದರೆ ಕುಕ್ಕರಗಾಲಿನಲ್ಲಿ ಕೂರುವಂತಿಲ್ಲ, ಮಂಡಿ ಊರುವಂತಿಲ್ಲ. ಆಪರೇಶನ್ನು, ವ್ಯಾಯಾಮ ಎಂದು ವರ್ಷ ಕಳೆಯುವಷ್ಟರಲ್ಲಿ ಶೆಡ್ಡಿನಲ್ಲಿದ್ದ ಮೋಟರ್‌ಸೈಕಲ್ಲಿಗೆ ಉಪ್ಪು ಗಾಳಿ ಹೊಡೆದು ಎಂಜಿನ್ ಹಿಡಿದುಕೊಂಡಿತು. ಅದನ್ನು ಬಿಚ್ಚಬೇಕಾದರೆ ನೆಲಕ್ಕೆ ಕೂರಬೇಕು. ಅವರು ಕೂರುವಂತಿಲ್ಲ.

"ಗ್ಯಾರೇಜಿಗೆ ಕೊಡಿ" ಎಂದು ನಾನು ಹೇಳಲಿಲ್ಲ. ನಲವತ್ತು ಚಿಲ್ಲರೆ ವರ್ಷ ಅದರ ಒಂದು ನಟ್ಟನ್ನೂ ಬೇರೆಯವರು ಮುಟ್ಟಿಲ್ಲ. ಹೇಳಿದ್ದರೆ ಅವರು "ಹೂಂ" ಎನ್ನುತ್ತಿದ್ದರು, ಕೊಡುತ್ತಲೂ ಇದ್ದರೇನೋ. ಆ "ಹೂಂ" ಕೇಳುವ ಧೈರ್ಯ ನನಗಿರಲಿಲ್ಲ. ದಿನಾ ಚಹಾ ಕುಡಿದು, ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಅದನ್ನು ನೋಡುತ್ತ ಕೂರುತ್ತಿದ್ದರು. ಹೀಗೆ ಮೂರು ವರ್ಷ. ಮಾತು ಇನ್ನೂ ಕಡಿಮೆಯಾಯಿತು. ಮಾತಾಡುವ ಜಾಗವೇ ಹೋಯಿತಲ್ಲ.

ಒಂದು ಬೆಳಿಗ್ಗೆ ಚಹಾದ ಕಪ್ ತರಲು ಹೋದಾಗ ಅವರು ಗಾಡಿಯನ್ನೇ ನೋಡುತ್ತ ಅಂದರು: "ಇದು ಒಂದೂವರೆ ಅಡಿ ಮೇಲೆ ಬಂದಿದ್ರೆ ಸಾಕಿತ್ತು."

ನನಗೆ ಅಂದದ್ದಲ್ಲ, ಗಾಡಿಗೆ ಅಂದದ್ದು. ಆದರೆ ನಾನು ಕಪ್ ಹಿಡಿದುಕೊಂಡು ಅಲ್ಲೇ ನಿಂತೆ. ಅವರು ಕೆಳಗೆ ಹೋಗುವಂತಿಲ್ಲ, ಅದು ಮೇಲೆ ಬರಬೇಕು. ಎಷ್ಟು ಸಿಂಪಲ್! ಮೂರು ವರ್ಷ ನಾನು ಅವರ ಮಂಡಿಗಳ ಬಗ್ಗೆಯೇ ಯೋಚಿಸಿದ್ದೆ, ಗಾಡಿಯ ಬಗ್ಗೆ ಯೋಚಿಸಿರಲಿಲ್ಲ.

ಮಧ್ಯಾಹ್ನ ಹಿಡಿಕಡ್ಡಿ ಪೊರಕೆಯಿಂದ ನಾಲ್ಕು ಕಡ್ಡಿ ಮುರಿದು ತಂದು, ಊಟದ ಮೇಜಿನ ಮೇಲೆ ಗುಂಡುಸೂಜಿ ಚುಚ್ಚಿ ಜೋಡಿಸಿದೆ. ಎರಡು ಉದ್ದದ ಕಡ್ಡಿ, ಎರಡು ಗಿಡ್ಡದ್ದು. ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಪ್ರತಿ ವರ್ಷ ತೋರಿಸುತ್ತಿದ್ದ ಆಟ ಇದು. ಕೆಳಗಿನ ಕಡ್ಡಿಯನ್ನು ಒತ್ತಿ ಹಿಡಿದು ಮೇಲಿನದನ್ನು ಪಕ್ಕಕ್ಕೆ ಎಳೆದರೆ ಅದು ಓರೆಯಾಗುವುದಿಲ್ಲ, ಮಟ್ಟವಾಗಿಯೇ ಮೇಲೇಳುತ್ತದೆ.

"ಪ್ಯಾರಲಲೋಗ್ರಾಮ್" ಅಂದೆ. "ಗಾಡಿಯ ಎರಡೂ ಬದಿಗೆ ಒಂದೊಂದು."

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ತಾವೇ ಒಮ್ಮೆ ಎಳೆದು ನೋಡಿದರು, ಇಳಿಸಿದರು, ಮತ್ತೆ ಎಳೆದರು. "ಕಾಲು ನಾಲ್ಕೂ ಒಂದೇ ಉದ್ದ ಇರ್ಬೇಕು, ಟೀಚರ್" ಅಂದರು. ನನ್ನನ್ನು ಅಣಕಿಸಬೇಕೆಂದರೆ ಅವರು ಟೀಚರ್ ಎನ್ನುತ್ತಾರೆ. ಮೂರು ವರ್ಷದಿಂದ ಅಣಕಿಸಿರಲಿಲ್ಲ. ನಾನು ಒಳಗೆ ಹೋಗಿ ಮೂಗು ಒರೆಸಿಕೊಂಡು ಬಂದೆ.

ಕಬ್ಬಿಣದ ಕಾಲುಗಳನ್ನು ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಕತ್ತರಿಸಿ, ತೂತು ಕೊರೆಸಿ ತಂದೆವು. ಮರದ ಕೆಲಸಕ್ಕೆ ನನಗೆ ನೆನಪಾದದ್ದು ಅಂಕೋಲೆಯ ಒಬ್ಬ ಆಚಾರಿ. ಬೇಲೇಕೇರಿ ಕಡೆಯವರು, ನನಗಿಂತ ಒಂದೆರಡು ವರ್ಷ ಚಿಕ್ಕವರು. ಚಿಕ್ಕಂದಿನಲ್ಲಿ ಅವರ ಅಪ್ಪ ದಂಡೆಯ ಮೇಲೆ ದೋಣಿ ಕಟ್ಟುವುದನ್ನು ನಾವು ಮಕ್ಕಳೆಲ್ಲ ಸಾಲಾಗಿ ಕೂತು ನೋಡುತ್ತಿದ್ದೆವು. ಆಮೇಲೆ ಇವರೂ ಅದೇ ಕೆಲಸ ಮಾಡಿದರು. ಈಗ ಎಲ್ಲರೂ ಫೈಬರ್ ದೋಣಿ ತರುತ್ತಾರೆ, ಮರದ ದೋಣಿ ಕೇಳುವವರಿಲ್ಲ. ಬಸ್ಸು ಹತ್ತಿ, ಸುರಂಗ ದಾಟಿ, ಅವರ ಮನೆ ಹುಡುಕಿಕೊಂಡು ಹೋದೆ.

"ಮೋಟರ್‌ಸೈಕಲ್ಲಿಗೆ ಮಂಚವಾ ಅಕ್ಕೋರೆ?" ಎಂದರು. ನಮ್ಮ ಕಡೆ ಶಾಲೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ. "ಅದ್ಕೆ ನಿದ್ದೆ ಬರೂದಿಲ್ವಾ?"

"ಮಂಚ ಅಲ್ಲ ಆಚಾರ್ರೆ, ಲಿಫ್ಟ್. ಮೇಲೆ ಏಳ್ಬೇಕು, ಕೆಳಗೆ ಇಳೀಬೇಕು."

"ತೆರೆ ಮೇಲೆ ದೋಣಿ ಹಂಗಾ?"

"ಹಂಗೇ ಅಂದ್ಕೊಳ್ಳಿ."

ಹಾಗೇ ಅಂದುಕೊಂಡರು. ನಮ್ಮ ಎಡವಟ್ಟೆಲ್ಲ ಶುರುವಾದದ್ದು ಆ ಮಾತಿನಿಂದ.

ಅವರು ರವಿವಾರ ರವಿವಾರ ಬರತೊಡಗಿದರು. ತಾವು ಕೊನೆಗೆ ಕಟ್ಟಿದ ದೋಣಿಯೊಂದನ್ನು ಅದರ ಧಣಿ ಒಡೆದಾಗ ಉಳಿಸಿಕೊಂಡಿದ್ದ ಮತ್ತಿ ಮರದ ಹಲಗೆಗಳನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ಟೇಪು ಮುಟ್ಟಲಿಲ್ಲ. ನಮ್ಮವರನ್ನು ಕುರ್ಚಿಯಲ್ಲಿ ಕೂರಿಸಿ, "ಸಾಹೇಬ್ರೆ, ಸ್ಪ್ಯಾನರ್ ಹಿಡ್ಕಳಿ, ತಿರುಗ್ಸಿದ ಹಾಗೆ ಮಾಡಿ" ಅಂದರು. ನಮ್ಮವರು ಗಾಳಿಯಲ್ಲಿ ಸ್ಪ್ಯಾನರ್ ತಿರುಗಿಸಿದರು. ಆಚಾರಿ ಅವರ ಮೊಣಕೈಯಿಂದ ನೆಲಕ್ಕೆ ತೆಂಗಿನ ನಾರಿನ ಹಗ್ಗ ಇಳಿಬಿಟ್ಟು ಒಂದು ಗಂಟು ಹಾಕಿದರು. ಆಮೇಲೆ ಗಾಡಿಯ ಎಂಜಿನ್ ಹತ್ತಿರ ಹಿಡಿದು ಇನ್ನೊಂದು ಗಂಟು. "ಈ ಎರಡು ಗಂಟಿನ ನಡುವೆ ಇರೂದು ನಿಮ್ಮ ಲಿಫ್ಟು."

ನಾನು ನೋಟ್‌ಬುಕ್ಕಿನಲ್ಲಿ ಒಂದು ಪುಟ ತುಂಬ ಲೆಕ್ಕ ಮಾಡಿದ್ದೆ. ಹಗ್ಗವನ್ನು ಅಳೆದು ನೋಡಿದೆ, ಅರ್ಧ ಇಂಚು ವ್ಯತ್ಯಾಸ.

"ನಿಮ್ಮ ಲೆಕ್ಕಾನೂ ಸರಿಯೇ ಉಂಟು ಅಕ್ಕೋರೆ" ಎಂದು ಆಚಾರಿ ನನಗೆ ಸಮಾಧಾನ ಹೇಳಿದರು. "ಬೇಜಾರ್ ಮಾಡ್ಕಬೇಡಿ."

ನೆಲದ ಮೇಲೊಂದು ಮರದ ಚೌಕಟ್ಟು, ಅದರ ಮೇಲೆ ಗಾಡಿ ನಿಲ್ಲುವ ಹಲಗೆ, ಎರಡರ ನಡುವೆ ನಾಲ್ಕು ಕಬ್ಬಿಣದ ಕಾಲು. ಹಲಗೆ ಎಳೆಯಲು ಶೆಡ್ಡಿನ ಹಿಂದಿನ ಗೋಡೆಗೆ ಒಂದು ತಿರುಗುವ ಮರದ ದಿಂಡು. ದಂಡೆಯ ಮೇಲೆ ದೋಣಿ ಎಳೆಯಲು ಹಗ್ಗ ಸುತ್ತುತ್ತಾರಲ್ಲ, ಅದೇ. ಎದ್ದ ಹಲಗೆ ಬೀಳದ ಹಾಗೆ ತೂತಿಗೆ ಹಾಕುವ ಕಬ್ಬಿಣದ ಸರಳು ನಮ್ಮವರದೇ ಯೋಜನೆ. ಒಂದು ಸರಳು ಸಾಕಿತ್ತು, ಅವರು ಎರಡು ಹಾಕಿಸಿದರು. ಪವರ್ ಹೌಸಿನ ಅಭ್ಯಾಸ. ಹಲಗೆಗೆ ಆಚಾರಿ ಮೀನೆಣ್ಣೆ ಹಚ್ಚಿದರು, ದೋಣಿಗೆ ಹಚ್ಚುವ ಹಾಗೆ, ಮೂರು ಕೈ. ಕಾಲುಗಳ ತಿರುಗಣಿಗೂ ಅದೇ. ಮರುದಿನ ಬೆಳಿಗ್ಗೆ ನೋಡಿದರೆ ಓಣಿಯ ಬೆಕ್ಕುಗಳೆಲ್ಲ ಶೆಡ್ಡಿನಲ್ಲಿ! ನಮ್ಮವರು ಕುರ್ಚಿಯಿಂದಲೇ ಕೋಲು ಬೀಸುತ್ತ, "ಇದು ಗ್ಯಾರೇಜಾ, ಮೀನು ಮಾರ್ಕೆಟಾ?" ಎಂದು ರೇಗಿದರು. ಆ ತಿಂಗಳು ಅವರು ಆಡಿದ ಮಾತುಗಳನ್ನು ನಾನು ಮನಸ್ಸಿನಲ್ಲಿ ಕೂಡಿಸಿಟ್ಟುಕೊಳ್ಳುತ್ತಿದ್ದೆ. ಎಲ್ಲ ಸ್ಪ್ಯಾನರು, ನಟ್ಟು, ಬೆಕ್ಕಿನ ಬಗ್ಗೆ. ಆದರೂ ಮಾತು. ನನಗೆ ಬೇಕಾದದ್ದು ಬೇರೆ ಇತ್ತು. ಗಾಡಿ ಒಮ್ಮೆ ಎದ್ದು ರಿಪೇರಿಯಾಗಿ, ಆ ಹಳೆಯ ರಸ್ತೆಯ ನೆತ್ತಿಗೆ ಹೋಗಿ, ಎಂಜಿನ್ ಬಂದ್ ಆಗಬೇಕಿತ್ತು. ಇನ್ನೊಂದು ಸಲ, ಸಾಯುವ ಮೊದಲು. ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳಿದರೆ "ಸೆಂಟಿಮೆಂಟಲ್ ಆಗಬೇಡ" ಎನ್ನುತ್ತಿದ್ದರು.

ಏರಿಸುವ ದಿನ ಆಚಾರಿ ಮಾವಿನೆಲೆ ಕಟ್ಟಿ, ಕಾಯಿ ಒಡೆದು, ಹಲಗೆಗೆ ಕುಂಕುಮ ಹಚ್ಚಿದರು. ನಮ್ಮವರು ಗಾಡಿಯ ಹ್ಯಾಂಡಲ್ ಹಿಡಿದು, ಬಾಗಿಲಿಂದ ಒಳಮುಖವಾಗಿ ತಂದು, ಗಾಡಿ ಹತ್ತಿಸಲು ಓರೆಯಾಗಿ ಆನಿಸಿಟ್ಟ ಏರುಹಲಗೆಯ ಮುಂದೆ ನಿಲ್ಲಿಸಿದರು. ನಿಲ್ಲಿಸಿದವರು ಹಾಗೇ ನೋಡುತ್ತ ನಿಂತರು.

"ಮುಂದಿನ ಚಕ್ರ ಕಚ್ಚೂ ಜಾಗ ಎಲ್ಲಿ?"

"ಇಲ್ಲೇ" ಎಂದರು ಆಚಾರಿ, ಬಾಗಿಲ ಬದಿಯ ಎರಡು ಮರದ ತುಂಡು ತೋರಿಸಿ.

"ಅದು ಹಿಂದಿನ ಚಕ್ರ ಬರೂ ಜಾಗ. ಮುಂದಿಂದು ಒಳಗೆ, ಗೋಡೆ ಬದಿ ಬರ್ಬೇಕು. ಉಲ್ಟಾ ಮಾಡಿಟ್ಟಿದ್ದೀರಿ."

"ಉಲ್ಟಾ ನೀವು ತಂದದ್ದು ಸಾಹೇಬ್ರೆ. ತಿರುಗ್ಸಿ. ಅಂಡು ಮೊದಲು ಹೋಗ್ಬೇಕು."

"ಜಗತ್ತಲ್ಲಿ ಎಲ್ಲಾದ್ರೂ ಗಾಡೀನ ಹಿಮ್ಮುಖ ಏರಿಸ್ತಾರೇನ್ರಿ?"

"ದೋಣೀನ ಹಂಗೇ ಏರ್ಸೂದು" ಎಂದರು ಆಚಾರಿ, ಶಾಲೆಯ ಮಗುವಿಗೆ ಹೇಳುವ ಹಾಗೆ. "ಮೂತಿ ಸಮುದ್ರಕ್ಕೇ ಇರ್ಬೇಕು. ಮೂತಿ ದಂಡೆಗೆ ಮಾಡಿ ಇಟ್ರೆ ಅದು ಇನ್ನು ಹೊರಡೂದಿಲ್ಲ ಅಂತ. ಒಡೆಯೂಕೆ ಇಟ್ಟ ದೋಣಿ ಮಾತ್ರ ಹಂಗೆ ಇಡ್ತಾರೆ. ನಿಮ್ದು ಒಡೆಯೂ ಗಾಡಿಯಾ?"

ನಮ್ಮವರಿಗೆ ಸಿಟ್ಟು ನೆತ್ತಿಗೇರಿತು. ಅದನ್ನೆಲ್ಲ ಬಿಚ್ಚಿ ಮತ್ತೆ ಮಾಡಬೇಕು, ಕಬ್ಬಿಣದ ಕಾಲಿನ ಓರೆಯೂ ಬದಲಾಗಬೇಕು, ದಿಂಡೂ ಕಿತ್ತು ಆ ಕಡೆ ಹಾಕಬೇಕು ಎಂದರು. ಆಚಾರಿ ಕೈ ಕಟ್ಟಿ ನಿಂತರು. "ಬೇಕಾದ್ರೆ ಬಿಚ್ತೆ. ಆದ್ರೆ ಮೂತಿ ಒಳಗೆ ಮಾಡಿ ನಾ ಕಟ್ಟೂದಿಲ್ಲ. ಬೇರೆಯವ್ರನ್ನ ಕರೀರಿ."

ಇಬ್ಬರೂ ನನ್ನ ಮುಖ ನೋಡಿದರು. ಇಂಜಿನಿಯರಿಂಗ್ ಪ್ರಕಾರ ನಮ್ಮವರೇ ಸರಿ, ಅದರಲ್ಲಿ ಅನುಮಾನವಿಲ್ಲ. ಆದರೆ ಇನ್ನು ಹೊರಡುವುದಿಲ್ಲ ಎಂಬ ಮಾತು ನನ್ನೊಳಗೆ ಕೂತುಬಿಟ್ಟಿತ್ತು.

"ಮೂತಿ ಹೊರಗೇ ಇರ್ಲಿ" ಅಂದೆ.

"ನೀನು ಮ್ಯಾಥ್ಸ್ ಟೀಚರ್ ಅಲ್ವಾ?" ಎಂದರು ನಮ್ಮವರು.

"ರಿಟೈರ್ ಆಗಿದ್ದೇನೆ."

ಗಾಡಿ ತಿರುಗಿತು. ಹಿಂದಿನ ಚಕ್ರಕ್ಕೆ ಹಗ್ಗ ಕಟ್ಟಿ, ದಿಂಡು ಸುತ್ತಿ, "ಹೋ ಐಸಾ" ಎಂದು ಆಚಾರಿ ಕೂಗು ಹಾಕಿದರು. ನಾನೂ ಹಾಕಿದೆ. "ಗರ್ಲ್ಸ್, ಲೋವರ್ ಯುವರ್ ವಾಯ್ಸಸ್" ಎನ್ನುತ್ತಿದ್ದ ನಮ್ಮ ಕಾನ್ವೆಂಟಿನ ಸಿಸ್ಟರ್ ಇದನ್ನು ಕೇಳಿದ್ದರೆ ಏನಾಗುತ್ತಿದ್ದರೋ! ಮೋಟರ್‌ಸೈಕಲ್ಲು ಹಿಮ್ಮುಖವಾಗಿ ಹಲಗೆಯೇರಿ ಕೂತಿತು. ಹಗ್ಗವನ್ನು ಹಲಗೆಗೆ ಬದಲಾಯಿಸಿ ಮತ್ತೆ ದಿಂಡು ಸುತ್ತಿದೆವು. ನಾಲ್ಕು ಕಾಲುಗಳು ಮೆಲ್ಲಗೆ ಎದ್ದು ನಿಂತವು. ಹಲಗೆ ಮಟ್ಟವಾಗಿ, ಒಂದು ಚೂರೂ ಓರೆಯಾಗದೆ, ಗಾಡಿಯನ್ನು ಹೊತ್ತು ಮೇಲೆ ಬಂತು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳು ಮೂವತ್ತು ವರ್ಷದ ಮೇಲೆ ಎದ್ದು ಬಂದ ಹಾಗೆ.

ನಮ್ಮವರು ಎರಡು ಸರಳನ್ನೂ ತೂರಿಸಿ, ಅಲುಗಿಸಿ ನೋಡಿ, ಕುರ್ಚಿ ಎಳೆದುಕೊಂಡು ಕೂತರು. ಕೈ ಚಾಚಿದರು. ಎಂಜಿನ್ ಮೊಣಕೈಯ ಮಟ್ಟಕ್ಕೆ ಇತ್ತು. ಅಂಗೈಯನ್ನು ಅದರ ಮೇಲೆ ಇಟ್ಟು ಸುಮಾರು ಹೊತ್ತು ಕೂತೇ ಇದ್ದರು. ಆಚಾರಿ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ಇಬ್ಬರೂ ಅಡಿಗೆಮನೆಗೆ ಚಹಾ ಕುಡಿಯಲು ಹೋದೆವು.

ಗಾಡಿ ತಿರುಗಿ ನಿಂತದ್ದರಿಂದ ಒಂದು ಬದಲಾವಣೆಯಾಯಿತು. ಬಿಚ್ಚಬೇಕಾದ ಬದಿ ಶೆಡ್ಡಿನ ಕಿಟಕಿಯ ಎದುರಿಗೆ ಬಾರದೆ ಆ ಕಡೆ ಹೋಯಿತು. ಅವರೂ ಕುರ್ಚಿಯನ್ನು ಆ ಕಡೆ ಹಾಕಿಕೊಳ್ಳಬೇಕಾಯಿತು. ಹಾಗೆ ಕೂತರೆ ಕಿಟಕಿಯಿಂದ ನೇರ ಕಾಣುವುದು ನಮ್ಮ ಅಡಿಗೆಮನೆ. ಎರಡು ತಿಂಗಳು ನಾನು ಕಾಯಿ ತುರಿಯುತ್ತ, ಮೀನು ತೊಳೆಯುತ್ತ, ಅವರ ಮುಖ ನೋಡಿದೆ. ಜೀವನವಿಡೀ ನೋಡಿದ್ದು ಬೆನ್ನು ಮತ್ತು ಎಡಗಿವಿ. ಕೆಲಸ ಮಾಡುವಾಗ ನಾಲಿಗೆ ಹಲ್ಲಿನ ನಡುವೆ ಹಿಡಿದಿರುತ್ತಾರೆ ಎಂದು ನನಗೆ ಗೊತ್ತಾದದ್ದು ಈ ವಯಸ್ಸಿನಲ್ಲಿ.

ಎಂಜಿನ್ ಬಿಡಿಸಿಕೊಂಡಿತು. ಕಾರ್ಬುರೇಟರ್ ಹೊಳೆಯಿತು. ಸ್ಪಾರ್ಕ್ ಬಂತು. ಆಮೇಲೆ ಯಾರೂ ಯೋಚಿಸಿರದ ತೊಡಕು ಎದುರಾಯಿತು: ಕಿಕ್ ಹೊಡೆಯುವವರು ಯಾರು? ಬಟನ್ ಒತ್ತಿದರೆ ಶುರುವಾಗುವ ಕಾಲದ ಗಾಡಿಯಲ್ಲ. ನಮ್ಮವರು ಒಂದು ಸಲ ಪ್ರಯತ್ನಿಸಿ, ಮುಖ ಬಿಳಿಚಿ, ಮಂಡಿ ಹಿಡಿದು ಕೂತರು. ಆಚಾರಿ ಪಂಚೆ ಎತ್ತಿ ಕಟ್ಟಿ ಒದ್ದರು. ಕಿಕ್ಕರ್ ತಿರುಗಿ ಅವರನ್ನೇ ಒದ್ದಿತು. "ಅಬ್ಬಾ! ಇದ್ರ ಸೊಕ್ಕೇ!" ಎಂದು ಕುಂಟುತ್ತ ಅಂಗಳ ಪೂರ ಸುತ್ತಿದರು. ಓಣಿಯಲ್ಲಿ ಯಾರನ್ನಾದರೂ ಕರೆಯೋಣ ಅಂದೆ. ನಮ್ಮವರು ಕತ್ತು ಅಡ್ಡ ಆಡಿಸಿದರು. ಸರಿ, ಅವರು ಕರೆಯುವವರಾಗಿದ್ದರೆ ಈ ಲಿಫ್ಟೇ ಬೇಕಿರಲಿಲ್ಲವಲ್ಲ.

ಮೊಣಕಾಲ ಕೆಳಗೆ ಎಣ್ಣೆ ತಿಕ್ಕಿಕೊಳ್ಳುತ್ತ ಆಚಾರಿ ಹೇಳಿದರು: "ದೋಣೀನ ಯಾರಾದ್ರೂ ಒದ್ದು ಶುರು ಮಾಡ್ತಾರಾ? ನೀರಿಗೆ ಬಿಡ್ಬೇಕು."

ನಮ್ಮವರು ತಲೆಯೆತ್ತಿದರು. ಶೆಡ್ಡಿನ ಬಾಗಿಲು ನೋಡಿದರು, ಬಾಗಿಲ ಆಚೆಯ ಅಂಗಳ ನೋಡಿದರು. ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಶೆಡ್ಡಿನಿಂದ ಅಂಗಳ ಗೇಟಿಗೆ ಇಳಿಯುತ್ತದೆ, ಗೇಟಿನಿಂದ ಓಣಿ ನೇರ ಗಾಳಿಮರದ ತೋಪಿಗೆ, ಅಲ್ಲಿಂದ ಮರಳಿಗೆ. ಗಾಡಿ ಏರುಹಲಗೆಯ ನೆತ್ತಿಯಲ್ಲಿ, ಮುಖ ಹೊರಗೆ ಮಾಡಿಕೊಂಡು ಕೂತಿತ್ತು. ಎರಡನೇ ಗೇರಿನಲ್ಲಿ ಕ್ಲಚ್ ಹಿಡಿದು ಉರುಳಿಸಿ, ಓಣಿಯ ನಡುವೆ ಕ್ಲಚ್ ಬಿಟ್ಟರೆ ಸಾಕು, ಬಿಣಗಾದ ಇಳಿಜಾರಿನ ಬುಡದಲ್ಲಿ ಶುರುವಾಗುತ್ತಿದ್ದ ಹಾಗೆ ಶುರುವಾಗುತ್ತದೆ. ಉಲ್ಟಾ ಎಂಬ ಮಾತನ್ನು ನಮ್ಮವರು ಅವತ್ತಿನಿಂದ ಎತ್ತಲಿಲ್ಲ.

ಮುಂದಿನ ರವಿವಾರ ಬೆಳಿಗ್ಗೆ ನಾನು ಬೇಕರಿಗೆ ಹೋಗಿ ಪಾವ್ ತಂದೆ. ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ. ಯಾರಿಗೆ ಎಂದು ನೀವು ಕೇಳಬಹುದು. ನನಗೂ ಗೊತ್ತಿರಲಿಲ್ಲ, ಕೈಗೆ ಅಭ್ಯಾಸ. ಇಸ್ತ್ರಿ ಮಾಡಿದ ಸೀರೆಯುಟ್ಟು, ಹ್ಯಾಂಡ್‌ಬ್ಯಾಗ್ ಹಿಡಿದು ಶೆಡ್ಡಿಗೆ ಬಂದಾಗ ಹಲಗೆ ಕೆಳಗಿಳಿದಿತ್ತು, ನಮ್ಮವರು ಗಾಡಿಯ ಮೇಲೆ ಕೂತಿದ್ದರು.

"ನೀನೆಲ್ಲಿಗೆ? ಮೊದಲು ನಾನೊಬ್ಬನೇ ನೋಡ್ತೇನೆ."

"ನೀವು ಶುರು ಮಾಡ್ಕೊಂಡು ಹೋದ್ರೆ ನನ್ನನ್ನ ಹತ್ತಿಸ್ಕೊಳ್ಳೂಕೆ ನಿಲ್ಲಿಸ್ತೀರಿ. ನಿಂತಲ್ಲಿ ಬಂದ್ ಬಿದ್ರೆ? ಒದೆಯೋರು ಯಾರು?"

"ಅಕ್ಕೋರ್ದು ಸರಿ ಉಂಟು" ಎಂದರು ಆಚಾರಿ. "ಭಾರ ಇದ್ರೆ ಓಟಾನೂ ಚಂದ."

ಭಾರ ಎಂದದ್ದಕ್ಕೆ ಅವರನ್ನು ದುರುಗುಟ್ಟಿ ನೋಡಿ, ಸ್ಟೂಲಿನ ಮೇಲೆ ಕಾಲಿಟ್ಟು ಹಿಂದೆ ಕೂತೆ. ಒಂದೇ ಬದಿಗೆ, ಎಡಕ್ಕೆ. ತೊಡೆಯ ಮೇಲೆ ಡಬ್ಬಿ, ಬ್ಯಾಗು. ಎಡಗಿವಿ ಎದುರಿಗೆ ಬಂತು. ಕೂದಲೆಲ್ಲ ಬೆಳ್ಳಗಾಗಿ ಮಚ್ಚೆ ಮೊದಲಿಗಿಂತ ಸ್ಪಷ್ಟವಾಗಿತ್ತು. ಬಲಗೈಯಲ್ಲಿ ಅವರ ಭುಜ ಹಿಡಿದೆ. ಮಾಂಸ ಇಳಿದು ಎಲುಬೇ ಕೈಗೆ ಸಿಕ್ಕಿತು.

"ಎಲ್ಲಿಗೆ?" ಎಂದರು.

"ಅಂಕೋಲೆಗೆ. ಹಳೇ ರಸ್ತೆ ಮೇಲೆ."

"ಹೂಂ."

ಆಚಾರಿ ಮರದ ತುಂಡುಗಳನ್ನು ಕಿತ್ತು, ಹಿಂದೆ ಬಂದು, "ಹೋ ಐಸಾ" ಎಂದು ನೂಕಿದರು. ಏರುಹಲಗೆ ದಡ್ ದಡ್ ಎಂದಿತು. ಅಂಗಳ ದಾಟಿ ಗೇಟು ದಾಟಿದೆವು. ಓಣಿಗೆ ಇಳಿದ ಮೇಲೆ ದಡಬಡ ನಿಂತು, ಟಯರಿನ ಸುಯ್ ಮಾತ್ರ ಉಳಿಯಿತು. ಕೆಳಗಿನಿಂದ ತೆರೆಯ ಸದ್ದು ಬಂತು.

"ಸಾಹೇಬ್ರೆ, ಬಿಡಿ! ಕ್ಲಚ್ ಬಿಡಿ!" ಎಂದು ಹಿಂದಿನಿಂದ ಆಚಾರಿ ಕೂಗುತ್ತಿದ್ದರು.

ಅವರು ಬಿಡಲಿಲ್ಲ. ಹಿಡಿದುಕೊಂಡ ಎಡಗೈಯ ನರ ನನಗೆ ಕಾಣುತ್ತಿತ್ತು. ಓಣಿಯ ನಡು ದಾಟಿತು. ಬಾವಿ ದಾಟಿತು. ಮರೆತರೇನೋ, ಕೈ ಹಿಡಿದುಕೊಂಡಿತೇನೋ ಎಂದು ಹೆದರಿ, ಕೂಗಬೇಕೆಂದು ನಾನು ಬಾಯಿ ತೆಗೆದೆ. ಅಷ್ಟರಲ್ಲಿ ಅವರು ತಲೆಯನ್ನು ಚೂರೇ ಎಡಕ್ಕೆ ತಿರುಗಿಸಿದರು.

"ಇವತ್ತು ನಿನ್ನ ಆಯಿ ಏನ್ ಮಾಡಿರ್ತಾರೆ?"

ಅವರಿಗೆ ಮರೆವು ಬಂದಿಲ್ಲ. ಆಯಿಯ ಚಟ್ಟಕ್ಕೆ ಹೆಗಲು ಕೊಟ್ಟವರೇ ಅವರು. ಎಲ್ಲ ಗೊತ್ತಿದ್ದೇ ಕೇಳಿದ್ದು. ಓಣಿ ಗಿಡ್ಡ, ಗಾಳಿಮರಗಳು ಆಗಲೇ ಹತ್ತಿರ ಬರುತ್ತಿದ್ದವು. ನಾನು ಹೇಳದಿದ್ದರೆ ಮುಗಿದೇ ಹೋಗುತ್ತಿತ್ತು.

"ಬಂಗಡೆ ಹುಳಿ" ಅಂದೆ. "ತಿರ್ಫಳ ಹಾಕಿ."

"ಪಾವ್ ತಂದಿದ್ದೀಯಲ್ಲ?"

"ತಂದಿದ್ದೇನೆ."

"ಹಂಗಾದ್ರೆ ಆಯ್ತು."

ಮುಂದಿನ ಚಕ್ರ ಮರಳಿಗೆ ಮೆತ್ತಗೆ ಹೂತು ಗಾಡಿ ನಿಂತಿತು. ಅವರು ಎರಡೂ ಕಾಲು ಊರಿದರು. ನಾನು ಇಳಿಯಲಿಲ್ಲ, ಅವರೂ ಇಳಿ ಎನ್ನಲಿಲ್ಲ. ಎಂಜಿನ್ ತಣ್ಣಗಿತ್ತು. ಗಾಳಿಮರಗಳ ಆಚೆ, ಬಲಕ್ಕೆ ತಿರುಗಿ ನೋಡಿದರೆ ಸಮುದ್ರ ಇತ್ತು. ದೂರದಲ್ಲಿ, ಬಿಣಗಾದ ಕಡೆ ಗುಡ್ಡದ ಮೇಲೆ ಮೋಡ ಕೂತಿತ್ತು. ಅಲ್ಲಿಗೆ ನಾವು ಹೋಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಒಂದು ಪಾವ್ ಮುರಿದು ಅರ್ಧ ಅವರಿಗೆ ಕೊಟ್ಟೆ. ಇನ್ನೂ ಬಿಸಿ ಇತ್ತು.

ಹೆಗಲ ಮೇಲೆ ಹಗ್ಗದ ಸುರುಳಿ ಹಾಕಿಕೊಂಡು, ಕುಂಟುತ್ತ, ಓಣಿ ಪೂರ ಬೈಯುತ್ತ ಆಚಾರಿ ಇಳಿದು ಬಂದರು.

"ಕೂಗಿ ಕೂಗಿ ಗಂಟಲು ಹೋಯ್ತು. ಕ್ಲಚ್ ಬಿಡೂಕೆ ಏನಾಗಿತ್ತು ನಿಮ್ಗೆ? ಈಗ ಇಷ್ಟು ದೂರ ಮತ್ತೆ ಎಳೀಬೇಕಲ್ಲಾ!"

ನಮ್ಮವರು ಪಾವ್ ಅಗಿಯುತ್ತ ನನ್ನ ಕಡೆ ನೋಡಿದರು.

"ಎಳೆಯೋಣ ಆಚಾರ್ರೆ" ಅಂದೆ. ಡಬ್ಬಿಯಿಂದ ಅವರಿಗೂ ಒಂದು ಪಾವ್ ತೆಗೆದುಕೊಟ್ಟೆ. "ಅಂಕೋಲೆ ಎಲ್ಲಿ ಓಡಿ ಹೋಗ್ತದೆ? ಮುಂದಿನ ರವಿವಾರ ಹೋದರಾಯ್ತು."